ಮಂಕರಿಯ ಕೆಳಗಿನ ಹಾವು

ಬೇಲೂರಿನ ಒಂದು ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಜೀವವಿಜ್ಞಾನ ಹೇಳಿಕೊಡುವುದು ನನ್ನ ಕೆಲಸ. ಜೀವವಿಕಾಸದ ಪಾಠ ಪ್ರತಿವರ್ಷವೂ ಬರುತ್ತದೆ. ಮೊದಲೆಲ್ಲ ಅದನ್ನು ಪುಸ್ತಕ ತೆರೆಯದೆ ಹೇಳುತ್ತಿದ್ದೆ. ಈ ವರ್ಷ, ವಿಷವಿಲ್ಲದ ಪ್ರಾಣಿ ವಿಷದ ಪ್ರಾಣಿಯ ಹಾಗೆ ಕಾಣಿಸಿಕೊಂಡು ಬದುಕುತ್ತದೆ ಎಂಬ ಮಾತಿಗೆ ಬಂದಾಗ ಬಾಯಿ ಒಣಗಿತು. ಬೋರ್ಡಿನ ಮೇಲೆ ಎರಡು ಹಾವು ಬರೆದಿದ್ದೆ. ಯಾವುದು ಯಾವುದೆಂದು ನನಗೇ ಗೊತ್ತಾಗಲಿಲ್ಲ. "ಮಿಸ್, ನೀರು ಕುಡೀರಿ" ಅಂದಳು ಮುಂದಿನ ಬೆಂಚಿನ ಹುಡುಗಿ. ಕುಡಿದೆ. ಆ ಪಾಠವನ್ನು ಮರುದಿನಕ್ಕೆ ಬಿಟ್ಟೆ.

ಅದಕ್ಕೆ ಕಾರಣ ಕಳೆದ ಮಳೆಗಾಲದ ಆರಂಭದಲ್ಲಿ ನಮ್ಮ ತವರಿನಲ್ಲಿ ನಡೆದ ಸಂಗತಿ. ಬರೆದರೆ ಒಂದು ಕ್ರಮಕ್ಕೆ ಬರಬಹುದು ಎಂದುಕೊಂಡು ಕೂತಿದ್ದೇನೆ.

ತವರು ಅರಸೀಕೆರೆಯಿಂದ ಹಳೇಬೀಡಿನ ಕಡೆಗೆ ಹೋಗುವ ರಸ್ತೆಯ ಪಕ್ಕ, ತೋಟದ ಮನೆ. ಅಮ್ಮ, ತಮ್ಮ, ತಮ್ಮನ ಹೆಂಡತಿ ಇರುತ್ತಾರೆ. ನಮ್ಮದು ಹಿಂದಿನಿಂದಲೂ ಕೊಬ್ಬರಿ ವ್ಯಾಪಾರದ ಮನೆ. ಕೊಯ್ದ ಕಾಯಿಯನ್ನು ಸಿಪ್ಪೆ ಸುಲಿಯದೆ ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಡುತ್ತೇವೆ. ಒಳಗಿನ ನೀರು ಆರಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗುತ್ತದೆ. ಆಮೇಲೆ ಕಾಯಿಗಳನ್ನು ಕೆಳಗಿನ ಕೋಣೆಗೆ ಸುರಿದು, ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಲೊಟಲೊಟ ಎಂದರೆ ಕೊಬ್ಬರಿ ಆಗಿದೆ. ಸದ್ದಿಲ್ಲದಿದ್ದರೆ ಇನ್ನೂ ಆಗಿಲ್ಲ. ತಮ್ಮನ ಹೆಂಡತಿ ಹುಲಿಕೆರೆಯವಳು, ರಾಗಿ ಭತ್ತ ಬೆಳೆಯುವ ಮನೆಯಿಂದ ಬಂದವಳು. ಆದರೂ ಈ ಕೆಲಸದಲ್ಲಿ ಅವಳ ಕಿವಿ ನಮ್ಮೆಲ್ಲರದಕ್ಕಿಂತ ಚುರುಕು. ಆಗ ಅವಳಿಗೆ ಏಳು ತಿಂಗಳು.

ಕಾಯಿ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ಇದು ನಮ್ಮ ಕಡೆ ಯಾರಿಗೂ ಹೊಸದಲ್ಲ. ಆ ಕೋಣೆಯ ಕತ್ತಲೆ ಮೂಲೆಗೆ ಕೈ ಹಾಕುವಾಗ ಎಲ್ಲರೂ ಕೋಲಿನಿಂದ ನೆಲ ಬಡಿಯುತ್ತಿದ್ದೆವು. ಆ ತಿಂಗಳುಗಳಲ್ಲಿ ಮಾತ್ರ ಅಮ್ಮ ಮೂಲೆಯ ಕೆಲಸವನ್ನೆಲ್ಲ ಸೊಸೆಗೇ ಬಿಟ್ಟಿದ್ದಳು. ಅದು ಅಸಡ್ಡೆಯಲ್ಲ, ಪ್ರೀತಿಯ ಲೆಕ್ಕವೇ. ಬಸುರಿಯನ್ನು ಹಾವು ಕಚ್ಚುವುದಿಲ್ಲ, ಅವಳ ನೆರಳು ಬಿದ್ದರೆ ಹಾವಿನ ಕಣ್ಣು ಮಂಕಾಗುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ಬಸುರಿ ಇರುವ ಮನೆಯಲ್ಲಿ ಹಾವನ್ನು ಕೊಲ್ಲುವುದೂ ಇಲ್ಲ.

ಆ ಶನಿವಾರ ಕಾಲೇಜು ಮುಗಿಸಿ ಬಸ್ಸು ಹಿಡಿದು ಬಂದಿದ್ದೆ. ಕಾಫಿ ಕುಡಿದು ಕೋಣೆಗೆ ಹೋಗಿ ಮೂಲೆಯ ಕಡೆ ಕಾಲಿಟ್ಟೆ. ಅಮ್ಮ ಸೆರಗು ಹಿಡಿದೆಳೆದಳು.

"ಏ, ಅಲ್ಲೆಲ್ಲಿ ಹೋಗ್ತೀಯೆ? ಅವಳು ಹೋಗ್ಲಿ ಬಿಡು."

"ಅವಳು ಬಸುರಿ ಅಮ್ಮ."

"ಅದಕ್ಕೇ ಅಂದಿದ್ದು. ನಿಂಗೇನೈತೆ ಕಾವಲು? ನಿನ್ನ ಡಿಗ್ರಿ ನೋಡಿ ಹಾವು ಹೆದ್ರುತ್ತಾ?"

ತಮ್ಮನ ಹೆಂಡತಿ ಕಾಯಿ ಕಿವಿಗೆ ಹಿಡಿದುಕೊಂಡೇ ನಕ್ಕಳು. "ಬನ್ನಿ ಅಕ್ಕ, ನನ್ನ ಹಿಂದೆ ನಿಂತ್ಕಳಿ. ಈಗ ಎರಡು ತಿಂಗಳು ನಾನೇ ಗರುಡ."

ಹೊಟ್ಟೆ ಬಂದಿದ್ದರಿಂದ ಅವಳಿಗೆ ಬಗ್ಗಲು ಆಗುತ್ತಿರಲಿಲ್ಲ. ರಾಶಿಯ ಬುಡದ ಕಾಯಿಗಳನ್ನು ಬರಿಗಾಲಿನಿಂದ ಹೊರಳಿಸಿ ಬೆಳಕಿಗೆ ತಂದು, ಆಮೇಲೆ ಮೊಣಕಾಲೂರಿ ಎತ್ತಿಕೊಳ್ಳುತ್ತಿದ್ದಳು. ಹಾಗೆ ಹೊರಳಿಸುವಾಗ "ಸ್ಸ್" ಎಂದಳು. ಕೂಗಲಿಲ್ಲ. "ಸಿಪ್ಪೆ ಚುಚ್ತು ಅನ್ಸುತ್ತೆ" ಅಂದಳು. ಪಾದದ ಪಕ್ಕದಲ್ಲಿ ಸೂಜಿ ಚುಚ್ಚಿದಂತೆ ಒಂದು ಗುರುತು, ಅದರ ಪಕ್ಕ ಒಂದು ಗೀರು. ರಕ್ತ ಒಂದು ಹನಿ.

ನಾವು ಪಾದ ನೋಡುತ್ತಿರುವಾಗಲೇ ರಾಶಿಯ ಇನ್ನೊಂದು ತುದಿಯಿಂದ ಒಂದು ಹಾವು ಹೊರಗೆ ಬಂತು. ಗಿಡ್ಡ, ದಪ್ಪ, ಮೈಮೇಲೆಲ್ಲ ಕಂದು ಮಚ್ಚೆ. ಅಮ್ಮ ಕೂಗಿದಳು. ತಮ್ಮ ಅಂಗಳದಿಂದ ದೊಣ್ಣೆ ಹಿಡಿದು ಓಡಿ ಬಂದ.

"ಹೊಡೀಬೇಡ್ವೋ! ಹೆಂಡ್ತಿ ಬಸುರಿ ಕಣೋ!" ಅಮ್ಮ ದೊಣ್ಣೆಗೆ ಜೋತುಬಿದ್ದಳು.

"ಕಚ್ಚೈತಲ್ಲಮ್ಮ!"

"ಕಚ್ಚಿಲ್ಲ, ಕಚ್ಚಲ್ಲ. ಮುಚ್ಚು ಅದನ್ನ, ಮಂಕರಿ ಮುಚ್ಚು!"

ತಮ್ಮ ಕಾಯಿ ಹೊರುವ ದೊಡ್ಡ ಬಿದಿರು ಮಂಕರಿಯನ್ನು ಹಾವಿನ ಮೇಲೆ ಬೋರಲು ಹಾಕಿ, ಮೇಲೊಂದು ಕಲ್ಲಿಟ್ಟ. ಮೂವರೂ ನನ್ನನ್ನು ನೋಡಿದರು. ಆ ನೋಟ ಇವತ್ತಿಗೂ ಕಣ್ಣಿನಿಂದ ಹೋಗಿಲ್ಲ. ಮನೆಯಲ್ಲಿ ಪ್ರಾಣಿಶಾಸ್ತ್ರ ಓದಿದವಳು ನಾನೊಬ್ಬಳೇ.

ನಮ್ಮ ಕಡೆ ಎರಡು ಹಾವುಗಳು ಒಂದರಂತೆ ಇನ್ನೊಂದು ಕಾಣುತ್ತವೆ. ಒಂದು ಕೊಳಕುಮಂಡಲ. ಅದರ ವಿಷ ರಕ್ತವನ್ನು ಕೆಡಿಸುತ್ತದೆ. ಇನ್ನೊಂದು ಮಣ್ಣುಮುಕ್ಕ. ವಿಷವಿಲ್ಲದ, ಇಲಿ ಹಿಡಿದು ತಿನ್ನುವ ಸಾಧು ಹಾವು. ಎಷ್ಟೋ ತಲೆಮಾರುಗಳಲ್ಲಿ, ಕೊಳಕುಮಂಡಲಕ್ಕೆ ಚೂರುಪಾರು ಹೋಲುತ್ತಿದ್ದ ಮಣ್ಣುಮುಕ್ಕಗಳನ್ನು ಹದ್ದು, ಮುಂಗುಸಿಗಳು ಮುಟ್ಟಲಿಲ್ಲ, ಹೋಲದವನ್ನು ತಿಂದವು, ಹೀಗಾಗಿ ಹೋಲುವವೇ ಉಳಿದವು ಎಂದು ನಾವು ಪಾಠ ಮಾಡುತ್ತೇವೆ. ಹಾಗಲ್ಲ, ಒಣಗಿದ ಎಲೆಗಳ ನಡುವೆ ಬದುಕುವ ಎರಡಕ್ಕೂ ಎಲೆಯ ಬಣ್ಣ ಬಂದಿದೆ, ಅಷ್ಟೇ ಎನ್ನುವವರೂ ಇದ್ದಾರೆ. ಹೇಗೇ ಇರಲಿ, ನಮ್ಮೂರಿನ ಜನರ ಕೈಯಲ್ಲಿ ಮಣ್ಣುಮುಕ್ಕ ಸಾಯುವುದು ಈ ಹೋಲಿಕೆಯಿಂದಲೇ. ಉಳಿಸಿದ ಬಣ್ಣವೇ ಕೊಲ್ಲುತ್ತದೆ. ಇದನ್ನು ಹೇಳಿದರೆ ಮಕ್ಕಳು ತಬ್ಬಿಬ್ಬಾಗುತ್ತಾರೆ. ನಾನೂ ಆಗುತ್ತೇನೆ.

ಮಂಕರಿಯ ಹೆಣಿಗೆ ಹರಿದ ಕಡೆ ಮೊಬೈಲಿನ ಬೆಳಕು ಬಿಟ್ಟು, ನೆಲಕ್ಕೆ ಕೆನ್ನೆ ಹಚ್ಚಿ ನೋಡಿದೆ. ಮೊದಲು ಬರೀ ಮಚ್ಚೆ ಕಂಡವು. ಮಚ್ಚೆಗಳು ಸರಪಳಿಯಂತೆ ಸಾಲಾಗಿವೆಯೇ, ಚೆಲ್ಲಾಪಿಲ್ಲಿಯಾಗಿವೆಯೇ? ಒಮ್ಮೆ ಹೀಗೆ, ಒಮ್ಮೆ ಹಾಗೆ ಕಂಡವು. ತಲೆ ಕುತ್ತಿಗೆಗಿಂತ ಅಗಲವೇ? ಅದು ತಲೆಯನ್ನು ಮೈಯೊಳಗೆ ಹುದುಗಿಸಿತ್ತು. ಕೊನೆಗೆ ಬಾಲ ಕಂಡಿತು. ಕತ್ತರಿಸಿದ ಹಾಗೆ ಮೊಂಡು. ಕೊಳಕುಮಂಡಲದ ಬಾಲ ಹಾಗಿರುವುದಿಲ್ಲ.

"ಮಣ್ಣುಮುಕ್ಕ" ಅಂದೆ.

ಅಮ್ಮ ಎದೆಯ ಮೇಲಿನ ಲಿಂಗದ ಕರಡಿಗೆ ಮುಟ್ಟಿಕೊಂಡಳು. "ಶಿವ ದೊಡ್ಡೋನು. ನಾನು ಹೇಳ್ಲಿಲ್ವಾ? ಅರಿಶಿನ ತತ್ತೀನಿ ಇರಿ."

ತಮ್ಮ ದೊಣ್ಣೆ ಗೋಡೆಗೆ ಒರಗಿಸಿದ. ಅಲ್ಲಿಗೆ ಎಲ್ಲವೂ ಮುಗಿಯಬೇಕಿತ್ತು. ನಾನು ಮತ್ತೆ ಮತ್ತೆ ಹೋಗಿ ನಿಲ್ಲುವುದು ಅಲ್ಲೇ, ಆ ದೊಣ್ಣೆ ಗೋಡೆಗೆ ತಾಗಿದ ಸದ್ದಿನ ಹತ್ತಿರ. ಏಕೆಂದರೆ ನನ್ನ ಮಾತು ಸರಿಯಾಗಿತ್ತು. ಮಂಕರಿಯ ಕೆಳಗೆ ಇದ್ದದ್ದು ಮಣ್ಣುಮುಕ್ಕವೇ.

ತಮ್ಮನ ಹೆಂಡತಿ ಮಾತ್ರ ಕೂತಲ್ಲಿಂದ ಕಾಲು ಮುಂದಕ್ಕೆ ಚಾಚಿದಳು. "ಹಾವು ಯಾವ್ದಾದ್ರೂ ಆಗ್ಲಿ ಅಕ್ಕ. ಕಾಲು ಉರೀತೈತೆ."

"ಹೆದರಿಕೆಗೆ ಹಂಗನ್ಸುತ್ತೆ ಕಣವ್ವ" ಅಂದಳು ಅಮ್ಮ.

"ಹೆದರಿಕೆ ಎದೆಯಾಗಿರುತ್ತೆ ಅತ್ತೆ, ಪಾದದಾಗಲ್ಲ. ಹುಲಿಕೆರೆ ಕೊಳದ ಮೆಟ್ಲ ಮೇಲೆ ನೀರುಹಾವಿನ ಕೈಲಿ ಕಚ್ಚಿಸ್ಕೊಂಡು ಬೆಳ್ದೋಳು ನಾನು. ವಿಷ ಇಲ್ಲದ್ದು ಕಚ್ಚಿದ್ರೆ ಹಿಂಗಾಗಲ್ಲ." ಗಂಡನ ಕಡೆ ತಿರುಗಿದಳು. "ಗಾಡಿ ತೆಗೀತೀರಾ, ಇಲ್ಲಾ ನಾನೇ ನಡ್ಕೊಂಡು ಹೋಗ್ಲಾ?"

ಬಗ್ಗಿ ನೋಡಿದೆ. ಪಾದದ ಪಕ್ಕ ಆಗಲೇ ಊದಿ ಹೊಳೆಯುತ್ತಿತ್ತು. ಅದು ಹೇಗೆ ಸಾಧ್ಯ ಎಂದು ನನ್ನ ತಲೆ ಕೇಳುತ್ತಲೇ ಇತ್ತು, ಕೈಗಳು ಬೇರೆ ಕೆಲಸ ಮಾಡುತ್ತಿದ್ದವು. ಅಮ್ಮ ಹಗ್ಗ ಬಿಗಿಯಲು ಬಂದಳು, ತಡೆದೆ. ಕಾಲು ಅಲ್ಲಾಡದಂತೆ ಎರಡು ಮರದ ಪಟ್ಟಿ ಇಟ್ಟು ಸಡಿಲವಾಗಿ ಪಂಚೆ ಸುತ್ತಿದೆ. ತಮ್ಮ ಅವಳನ್ನು ಎತ್ತಿಕೊಂಡು ಬಂದು ಕಾಯಿ ಸಾಗಿಸುವ ಗೂಡ್ಸ್ ಆಟೋದ ಹಿಂದೆ ಗೋಣಿಚೀಲಗಳ ಮೇಲೆ ಮಲಗಿಸಿದ. ಅಮ್ಮ ಮಂಕರಿ ಕಾಯಲು ಮನೆಯಲ್ಲೇ ಉಳಿದಳು.

ಅರಸೀಕೆರೆಯ ಅಂಚಿನಲ್ಲಿ ರೈಲ್ವೆ ಗೇಟು ಬಿದ್ದಿತ್ತು. ತಮ್ಮ ಹಾರ್ನ್ ಒತ್ತಿ ಹಿಡಿದ. ಗೇಟಿನವನು ಕೈ ಬೀಸಿ, "ಗೂಡ್ಸ್ ಬತ್ತೈತೆ ಸ್ವಾಮಿ, ನಾನೇನು ಅದನ್ನ ಎತ್ತಿಡ್ಲಾ?" ಎಂದು ಕೂಗಿದ. ಹಿಂದೆ ಕೂತ ನನ್ನ ತೊಡೆಯ ಮೇಲೆ ಅವಳ ತಲೆ.

"ಅತ್ತೆ ಹೇಳಿದ್ದು ಸುಳ್ಳಲ್ಲ ಅಕ್ಕ" ಅಂದಳು.

"ಏನು?"

"ಹಾವಿಗೆ ಕಣ್ಣು ಮಂಕಾಗಿರ್ಬೇಕು. ಕಾಲು ಅಂತ ಕಾಣಿಸ್ದೆ ಕಚ್ಚೈತೆ."

ನಗು ಬಂತು. ಅವಳೂ ನಕ್ಕು, ಪಕ್ಕಕ್ಕೆ ತಿರುಗಿ ಉಗುಳಿದಳು. ಉಗುಳು ಕೆಂಪಗಿತ್ತು. ಒಸಡಿನಿಂದ ರಕ್ತ ಜಿನುಗುತ್ತಿತ್ತು. ಅವಳು ಅದನ್ನು ನೋಡಲಿಲ್ಲ, ನಾನು ನೋಡಿದೆ. ಗೂಡ್ಸ್ ರೈಲು ಮುಗಿಯುತ್ತಲೇ ಇರಲಿಲ್ಲ.

ಆಸ್ಪತ್ರೆಯಲ್ಲಿ ಇದ್ದ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಯಾವ ಹಾವು ಎಂದು ನಾನು ಹೇಳತೊಡಗಿದೆ. ಮೊಂಡು ಬಾಲ, ಚೆಲ್ಲಾಪಿಲ್ಲಿ ಮಚ್ಚೆ, ವಿಷವಿಲ್ಲದ್ದು, ಆದರೆ ಊತ, ಒಸಡು... ಅವರು ಕೈ ಎತ್ತಿ ನಿಲ್ಲಿಸಿದರು.

"ಹಾವಿನ ಜಾತಕ ಆಮೇಲೆ ನೋಡೋಣ ಮೇಡಂ. ಈಗ ರಕ್ತ ಹೇಳುತ್ತೆ."

ಅವಳ ರಕ್ತವನ್ನು ಒಂದು ಗಾಜಿನ ನಳಿಕೆಗೆ ಹಾಕಿ ಮೇಜಿನ ಮೇಲೆ ನಿಲ್ಲಿಸಿದರು. ಇಪ್ಪತ್ತು ನಿಮಿಷ ಯಾರೂ ಮುಟ್ಟಬಾರದು. ಅಷ್ಟರಲ್ಲಿ ಹೆಪ್ಪುಗಟ್ಟಿದರೆ ಸದ್ಯಕ್ಕೆ ಭಯವಿಲ್ಲ, ಹೆಪ್ಪುಗಟ್ಟದಿದ್ದರೆ ವಿಷ ಏರಿದೆ. ನಡುವೆ ಹೊಟ್ಟೆಯ ಮೇಲೆ ಒಂದು ಸಣ್ಣ ಯಂತ್ರ ಒತ್ತಿ ಮಗುವಿನ ಎದೆಬಡಿತ ಕೇಳಿಸಿದರು. ಅವಸರ ಅವಸರವಾಗಿ ಬಡಿಯುತ್ತಿತ್ತು. "ಇದೆಯಲ್ಲ" ಅಂದ ತಮ್ಮ. "ಈಗ ಇದೆ" ಅಂದರು ಡಾಕ್ಟರು. "ಒಳಗೆ ರಕ್ತ ಸೋರಿದ್ರೆ ಮಗುಗೆ ಕಷ್ಟ. ತಾಯಿ ಸರಿಹೋದ್ರೆ ಮಗು ಸರಿಹೋಗುತ್ತೆ, ಮೊದಲು ಅದು."

ನಾನು ನಳಿಕೆಯನ್ನೇ ನೋಡುತ್ತ ಕೂತೆ. ವಿಷದ ಬಗ್ಗೆ ಓದಿದ್ದೆಲ್ಲ ಹುಳಗಳ ಹಾಗೆ ತಲೆಯೊಳಗೆ ಹರಿದಾಡಿತು. ವಿಷವೆಂದರೆ ಎಲ್ಲಿಂದಲೋ ಬಂದ ಹೊಸ ವಸ್ತುವಲ್ಲ. ಮೈಯೊಳಗೆ ಬೇರೆ ಕೆಲಸ ಮಾಡಿಕೊಂಡಿದ್ದ ಸಾಧಾರಣ ಪ್ರೋಟೀನುಗಳೇ ಕಾಲಾಂತರದಲ್ಲಿ ತಿದ್ದಿಕೊಳ್ಳುತ್ತ, ಬೇಟೆ ಬೀಳಿಸುವುದಕ್ಕೆ ಒಗ್ಗಿಕೊಂಡವು. ಅದು ತಯಾರಾದದ್ದು ಇಲಿಗಾಗಿ, ಹಲ್ಲಿಗಾಗಿ, ಕಪ್ಪೆಗಾಗಿ. ಹುಲಿಕೆರೆಯ ಒಬ್ಬ ಹುಡುಗಿಗಾಗಿ ಅಲ್ಲ. ಆದರೆ ಇಲಿಯ ರಕ್ತ ಹೆಪ್ಪುಗಟ್ಟುವ ಬಗೆಯೂ ನಮ್ಮ ರಕ್ತ ಹೆಪ್ಪುಗಟ್ಟುವ ಬಗೆಯೂ ಹೆಚ್ಚುಕಡಿಮೆ ಒಂದೇ, ಏಕೆಂದರೆ ನಾವು ದಾಯಾದಿಗಳು. ಒಂದು ಬೀಗಕ್ಕೆ ಮಾಡಿದ ಕೀಲಿ ಇನ್ನೊಂದಕ್ಕೂ ಹೊಂದುತ್ತದೆ. ಎಲ್ಲ ಜೀವಿಗಳೂ ಬಂಧುಗಳು ಎಂದು ತರಗತಿಯಲ್ಲಿ ಎಷ್ಟು ಸಲ ಹಿಗ್ಗಿನಿಂದ ಹೇಳಿದ್ದೆನೋ. ಬಂಧುತ್ವ ಹೀಗೆ ನಳಿಕೆಯಲ್ಲಿ ನಿಂತಿರುತ್ತದೆ ಎಂದು ಹೊಳೆದಿರಲಿಲ್ಲ.

ಡಾಕ್ಟರು ನಳಿಕೆ ಬಾಗಿಸಿದರು. ರಕ್ತ ನೀರಿನಂತೆ ಹರಿಯಿತು.

ಆಮೇಲೆ ಎಲ್ಲವೂ ಬೇಗ ಬೇಗ ನಡೆಯಿತು. ಪ್ರತಿವಿಷದ ಬಾಟಲಿ ನೇತುಹಾಕಿದರು. ಅದನ್ನು ಕುದುರೆಗೆ ಸ್ವಲ್ಪ ಸ್ವಲ್ಪವಾಗಿ ವಿಷ ಕೊಟ್ಟು, ಅದರ ರಕ್ತದಿಂದ ತೆಗೆಯುತ್ತಾರೆ. ಕುದುರೆಯೂ ದಾಯಾದಿಯೇ. ಅದರ ಮೈ ಕಲಿತದ್ದು ನಮ್ಮ ಮೈಗೆ ಕೆಲಸಕ್ಕೆ ಬರುತ್ತದೆ. ಆದರೆ ಪೂರ್ತಿ ನಮ್ಮದಲ್ಲವಾದ್ದರಿಂದ ಕೆಲವರ ಮೈ ಅದರ ವಿರುದ್ಧವೇ ಸಿಡಿದೇಳುತ್ತದೆ. ಅವಳಿಗೆ ಮೈಯೆಲ್ಲ ದದ್ದು ಎದ್ದು ನಡುಕ ಬಂತು. ಬಾಟಲಿ ನಿಲ್ಲಿಸಿ ಇಂಜೆಕ್ಷನ್ ಕೊಟ್ಟು, ಮತ್ತೆ ಶುರುಮಾಡಿದರು. ಆಮೇಲೆ ಆಂಬುಲೆನ್ಸಿನಲ್ಲಿ ಹಾಸನದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಕೊಲ್ಲುವುದೂ ಉಳಿಸುವುದೂ ಒಂದೇ ನೆಂಟಸ್ತಿಕೆಯಾದರೆ ನಾನು ಅದಕ್ಕೆ ಕೈ ಮುಗಿಯಬೇಕೋ ಶಾಪ ಹಾಕಬೇಕೋ ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ.

ಬೆಳಗ್ಗೆ ಅಮ್ಮನ ಫೋನು ಬಂತು. ಪಕ್ಕದ ತೋಟದವರು ಬಂದು ಕಾಯಿ ರಾಶಿಯನ್ನು ಒಂದೊಂದಾಗಿ ಸರಿಸಿದ್ದರು. ಬುಡದಲ್ಲಿ, ಸಿಪ್ಪೆಯ ಧೂಳಿನೊಳಗೆ ಇನ್ನೊಂದು ಹಾವು ಸಿಕ್ಕಿತ್ತು. ಫೋಟೋ ಕಳಿಸಿದರು. ಬೆರಳಿನ ದಪ್ಪ, ಗೇಣುದ್ದ. ಬೆನ್ನಿನ ಮೇಲೆ ಬಿಡಿಸಿದ ಹಾಗೆ ಸರಪಳಿ.

"ಇದು ಕೊಳಕುಮಂಡಲ ಅಮ್ಮ."

"ಹಂಗಾದ್ರೆ ಮಂಕರಿ ಕೆಳಗಿರೋದು?"

"ಅದು ಮಣ್ಣುಮುಕ್ಕನೇ."

"ಕಚ್ಚಿದ್ದು ಯಾವ್ದೇ?"

"ಈ ಮರಿ."

"ಅದೆಂಗೆ ಕಚ್ಚುತ್ತೆ? ಇನ್ನೂ ಹಾಲು ಕುಡಿಯೋ ವಯಸ್ಸು."

"ಹಾವಿನ ಮರಿಗೆ ಹಾಲೆಲ್ಲಿ ಬಂತಮ್ಮ!"

ಕೊಳಕುಮಂಡಲ ಮೊಟ್ಟೆ ಇಡುವುದಿಲ್ಲ. ಹೊಟ್ಟೆಯಲ್ಲೇ ಬೆಳೆಸಿ ಮರಿ ಹಾಕುತ್ತದೆ. ಹುಟ್ಟಿದ ಗಳಿಗೆಯಿಂದ ಮರಿಯ ಹಲ್ಲು, ವಿಷ ಎರಡೂ ಸಿದ್ಧ. ತಾಯಿ ಎಲ್ಲಿದ್ದಾಳೆಂದು ಅದು ಹುಡುಕುವುದಿಲ್ಲ. ಮರಿ ತಿನ್ನುವುದು ಬೇರೆ, ದೊಡ್ಡದು ತಿನ್ನುವುದು ಬೇರೆ. ಹಾಗಾಗಿ ಬೆಳೆಯುತ್ತ ಬೆಳೆಯುತ್ತ ವಿಷವೂ ಬದಲಾಗುತ್ತದೆ ಎಂದು ಓದಿದ್ದೆ. ನಮ್ಮ ಕೋಣೆಯ ಪಕ್ಕದಲ್ಲೆಲ್ಲೋ, ಒಣಸಿಪ್ಪೆಗಳ ನಡುವೆ, ಇನ್ನೊಂದು ಬಸುರಿ ದಿನ ತುಂಬಿಸಿಕೊಂಡು ಹೆತ್ತು ಹೋಗಿದ್ದಳು. ನಮ್ಮವಳಿಗೆ ಇನ್ನೂ ದಿನ ತುಂಬಿರಲಿಲ್ಲ. ಆ ಮರಿಯ ಮೇಲೆ ಸಿಟ್ಟು ಬರಲಿ ಎಂದು ಕಾದೆ. ಬರಲಿಲ್ಲ. ಎರಡು ಹಾವನ್ನೂ ತೆಗೆದುಕೊಂಡು ಹೋಗಲು ಅರಣ್ಯ ಇಲಾಖೆಯವರಿಗೆ ಹೇಳಿ ಎಂದಷ್ಟೇ ಅಮ್ಮನಿಗೆ ಹೇಳಿದೆ.

ಅಷ್ಟರಲ್ಲಿ ತಮ್ಮನ ಹೆಂಡತಿಯ ರಕ್ತ ಹೆಪ್ಪುಗಟ್ಟತೊಡಗಿತ್ತು. ಕಾಲಿನ ಊತ ಮೊಣಕಾಲಿನ ಹತ್ತಿರ ನಿಂತಿತ್ತು. ಡಾಕ್ಟರು ತಲೆಯಾಡಿಸಿ ಮುಂದಿನ ಹಾಸಿಗೆಗೆ ಹೋದರು. ತಮ್ಮ ಇಡ್ಲಿ ತರಲು ಕೆಳಗೆ ಹೋದ. ಆಗ ಅವಳು ನನ್ನ ಕೈ ಹಿಡಿದಳು.

"ಅಕ್ಕ, ಅದು ಆಡ್ತಿಲ್ಲ."

"ಯಾವುದು?"

"ದಿನಾ ಬೆಳಿಗ್ಗೆ ಒದೀತಿತ್ತು. ಇವತ್ತು ಇಲ್ಲ."

ನರ್ಸನ್ನು ಕರೆಯಲು ಎದ್ದೆ. ಎರಡು ಹೆಜ್ಜೆ ಇಡುವಷ್ಟರಲ್ಲಿ ಅವಳು ಕೂಗಿದಳು. ಹಿಂದಿನ ದಿನ ಕಚ್ಚಿಸಿಕೊಂಡಾಗಲೂ ಕೂಗದವಳು. "ಅಕ್ಕ! ಒಳಗೆ ಎಳೀತೈತೆ! ಟಕ್ ಟಕ್ ಅಂತೈತೆ!" ಹೊಟ್ಟೆಯ ಮೇಲೆ ಕೈಯಿಟ್ಟೆ. ನಿಜ. ಒಂದೇ ಸಮನೆ, ಒಂದೇ ಅಂತರದಲ್ಲಿ ಏನೋ ಜಗ್ಗುತ್ತಿತ್ತು. ಒದೆತವಲ್ಲ, ಹೊರಳಾಟವಲ್ಲ. ಫಿಟ್ಸ್ ಎಂದುಕೊಂಡೆ. ವಿಷ ಮಗುವಿಗೆ ಹೋಯಿತು, ಮಗು ಸೆಳೆತದಲ್ಲಿದೆ, ಇದೇ ಕೊನೆಯ ಅಲ್ಲಾಟ ಎಂದುಕೊಂಡೆ. ಭ್ರೂಣದ ಬೆಳವಣಿಗೆಯನ್ನು ವಾರವಾರಕ್ಕೆ ಚಿತ್ರ ಬರೆದು ಹೇಳಿಕೊಡುವ ನನಗೆ ಆ ಗಳಿಗೆಯಲ್ಲಿ ಒಂದಕ್ಷರವೂ ನೆನಪಾಗಲಿಲ್ಲ.

ನರ್ಸು ಓಡಿ ಬಂದು ನನ್ನ ಕೈ ಪಕ್ಕಕ್ಕೆ ತಳ್ಳಿ ತನ್ನ ಕೈಯಿಟ್ಟರು. ವಯಸ್ಸಾದವರು. ಕಣ್ಣು ಮುಚ್ಚಿಕೊಂಡರು. ಆಮೇಲೆ ಮುಖವೆಲ್ಲ ನಗು.

"ಅಯ್ಯೋ ನಿನ್ನ! ಬಿಕ್ಕಳಿಕೆ ಕಣಮ್ಮ."

"ಯಾರಿಗೆ?"

"ಇನ್ಯಾರಿಗೆ, ನಂಗಾ? ಒಳಗಿರೋದಕ್ಕೆ. ಯಾರೋ ನೆನೆಸ್ಕೊಂಡಿರ್ಬೇಕು."

ತಮ್ಮನ ಹೆಂಡತಿ ಬಿಟ್ಟ ಕಣ್ಣು ಬಿಟ್ಟ ಹಾಗೇ ಕೇಳಿದಳು. "ಇನ್ನೂ ಹುಟ್ಟೇ ಇಲ್ಲ ಸಿಸ್ಟರ್, ಅದನ್ನ ನೆನೆಸ್ಕೊಳ್ಳೋರು ಯಾರು?"

"ಇಲ್ಲೊಬ್ರು ಹಾಸಿಗೆ ಕಂಬಿ ಹಿಡ್ಕೊಂಡು ನಿಂತವ್ರಲ್ಲ, ಇವ್ರೇ ಸಾಲ್ದಾ?"

ಯಂತ್ರ ತಂದು ಎದೆಬಡಿತ ಕೇಳಿಸಿದರು. ನಿನ್ನೆಯಂತೆಯೇ ಅವಸರದಲ್ಲಿತ್ತು. ಅದರ ನಡುನಡುವೆ ಟಕ್, ಟಕ್. ಅವಳು ಅಳಲು ಶುರುಮಾಡಿದಳು, ಅಳುತ್ತಲೇ ನಕ್ಕಳು.

ಬಿಕ್ಕಳಿಕೆಯಿಂದ ನಮಗೆ ಯಾವ ಉಪಯೋಗವೂ ಇದ್ದಂತಿಲ್ಲ. ಕಿವಿರಿನಿಂದಲೂ ಶ್ವಾಸಕೋಶದಿಂದಲೂ ಉಸಿರಾಡುತ್ತಿದ್ದ ಯಾವುದೋ ಪೂರ್ವಜ, ಕಪ್ಪೆಯ ಮರಿಯಂಥದ್ದು, ನೀರು ಒಳಗೆ ಹೋಗದಂತೆ ಗಂಟಲು ಮುಚ್ಚಿಕೊಳ್ಳುತ್ತಿದ್ದ ಅಭ್ಯಾಸವೇ ನಮ್ಮಲ್ಲಿ ಬಿಕ್ಕಳಿಕೆಯಾಗಿ ಉಳಿದಿದೆ ಎಂದು ಕೆಲವರು ಹೇಳುತ್ತಾರೆ. ಅದಲ್ಲ, ಮುಂದೆ ಉಸಿರಾಡಲು ಮಗು ಈಗಿನಿಂದಲೇ ತಾಲೀಮು ಮಾಡುತ್ತದೆ ಎನ್ನುತ್ತಾರೆ ಇನ್ನು ಕೆಲವರು. ಯಾವುದು ಸರಿಯೋ ನನಗೆ ಗೊತ್ತಿಲ್ಲ. ದಿನ ತುಂಬಿ ಹುಟ್ಟಿದ ಆ ಹುಡುಗಿಗೆ ಈಗ ಹಲ್ಲು ಬರುತ್ತಿವೆ. ಅವಳು ಬಿಕ್ಕಳಿಸಿದರೆ ಮನೆಯವರೆಲ್ಲ ನೀರಿಗೆ ಓಡುತ್ತಾರೆ. ನಾನು ಮಾತ್ರ ಏಳದೆ ಕೂತು ಕೇಳುತ್ತೇನೆ.

ಆ ಬೆಳಗ್ಗೆ ನರ್ಸು ಹೋದ ಮೇಲೆ ನಾನು ಹೊಟ್ಟೆಯ ಮೇಲೆ ಮತ್ತೆ ಕೈಯಿಟ್ಟೆ. ಬಿಕ್ಕಳಿಕೆ ನಿಧಾನವಾಯಿತು. ನಿಂತಿತು. ನಿಂತದ್ದೇ ನನಗೆ ಮತ್ತೆ ಗಾಬರಿ. ಕೈ ತೆಗೆಯಲು ಧೈರ್ಯ ಬರಲಿಲ್ಲ. ಇನ್ನಷ್ಟು ಒತ್ತಿ ಹಿಡಿದೆ. ಕಾರಿಡಾರಿನಲ್ಲಿ ಯಾರೋ ಬಕೆಟ್ ಎಳೆಯುತ್ತಿದ್ದರು. ತಮ್ಮ ಇಡ್ಲಿ ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತು, ನಮ್ಮಿಬ್ಬರ ಮುಖ ನೋಡಿ, ಒಳಗೆ ಬರುವುದೋ ಬೇಡವೋ ತಿಳಿಯದೆ ಅಲ್ಲೇ ಉಳಿದ.

ಅಂಗೈಗೆ ಸರಿಯಾಗಿ ಒಂದು ಒದೆತ ಬಿತ್ತು.

"ಕೈ ಭಾರ ಆಗೈತಂತೆ ಅಕ್ಕ" ಅಂದಳು ಅವಳು. "ತೆಗೀಬೇಕಂತೆ."